ಒಂದೇ ತಂತಿ ಉಳಿದ ದಿನ

ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮೊದಲು ನಾನು ವಿಜಾಪುರದ ತಾರು ಆಫೀಸಿನಲ್ಲಿ ಕಟಕಟ ಕೀಲಿ ಒತ್ತುವ ಕೆಲಸದಲ್ಲಿದ್ದೆ. ಸೊಲ್ಲಾಪುರದ ಕಡೆಗೆ ಎರಡು ತಂತಿಗಳಿದ್ದವು. ವೈಶಾಖದ ಒಂದು ಗಾಳಿಮಳೆಗೆ ಅದರಲ್ಲೊಂದು ಹರಿದುಬಿತ್ತು. ಮದುವೆಯ ದಿನಗಳು ಬೇರೆ. ಬೆಳಿಗ್ಗೆಯೇ ಮೇಜಿನ ಮೇಲೆ ತಾರುಗಳ ಗುಡ್ಡೆ ಬಿತ್ತು.

ನಮ್ಮ ಹಿರಿಯ ಮಾಸ್ತರರು ಊರಿನ ಹಳೆಯ ಮುಸಲ್ಮಾನ ಮನೆತನದವರು, ಯಾವುದಕ್ಕೂ ಗಡಿಬಿಡಿ ಮಾಡದವರು. ಗುಡ್ಡೆಯನ್ನು ಬೇರೆ ಬೇರೆ ಮಾಡುತ್ತ, "ಜಡ್ಡು, ಸಾವು ಮೊದಲ. ಪ್ರಯಾಣದ್ದು ಆಮ್ಯಾಲ. ಶುಭಾಶಯ ಕಡೀಕ, ಅವಕ್ಕ ನಂಬರ್ ಅಷ್ಟ ಕಳಸ್ರಿ" ಅಂದರು. ಶುಭಾಶಯದ ಒಂದೊಂದು ವಾಕ್ಯಕ್ಕೂ ಒಂದೊಂದು ಅಂಕಿ ಇತ್ತು. ಅಂಕಿ ಮುಟ್ಟಿದರೆ ಆಚೆಯವರು ಇಡೀ ವಾಕ್ಯ ಬರೆದು ಹಂಚುತ್ತಿದ್ದರು.

ಅಷ್ಟರಲ್ಲಿ ಬಬಲೇಶ್ವರದ ಅರಳೆ ವ್ಯಾಪಾರಿಯೊಬ್ಬರು ಒದ್ದೆ ಧೋತರದಲ್ಲೇ ಬಂದು, ತುಂಬಾ ಬರೆದಿದ್ದ ಹಾಳೆಯೊಂದನ್ನು ಮುಂದಿಟ್ಟರು. ಮರುದಿನ ಅವರ ಮಗಳ ಮದುವೆ.

"ಸೊಲ್ಲಾಪುರದ ಬೀಗರಿಗೆ ಹೋಗಬೇಕ್ರಿ. ಒಂದಕ್ಷರ ಬಿಡಬ್ಯಾಡ್ರಿ."

ಓದಿದೆ. ಬೀಗತಿಯ ಮೊಣಕಾಲು ನೋವಿನ ವಿಚಾರಣೆ, ಎಮ್ಮೆ ಈದ ಸುದ್ದಿ, ಅಡಿಗೆಯವರು ಬಂದಿಳಿದದ್ದು. ಎಲ್ಲಕ್ಕಿಂತ ಕೆಳಗೆ, ಹಳ್ಳ ಬಂದು ದಾರಿ ಕಟ್ಟಿದೆ, ಗೊತ್ತು ಮಾಡಿದ್ದ ಸಣ್ಣ ಸ್ಟೇಷನ್ನಿಗೆ ಹೋಗದೆ ವಿಜಾಪುರದಲ್ಲೇ ಇಳಿಯಿರಿ, ಚಕ್ಕಡಿಗಳು ಇಲ್ಲಿಗೇ ಬರುತ್ತವೆ ಎಂದಿತ್ತು.

"ಅವರ ರೈಲು ಎಷ್ಟೊತ್ತಿಗೆ ಬಿಡತೈತ್ರಿ?"

"ಇನ್ನೊಂದ ತಾಸಿಗೆ."

"ಹಂಗಾದ್ರ ವಿಜಾಪುರದಾಗ ಇಳೀರಿ ಅನ್ನೂದಷ್ಟ ಈಗ ಕಳಸ್ತೀನಿ. ಉಳಿದದ್ದು ಸಂಜೀಕ."

ಅವರ ಮುಖ ಸಣ್ಣದಾಯಿತು. "ಹೆಂಗದೀರಿ ಅಂತ ಕೇಳಲಾರದ ಹುಕುಂ ಕೊಟ್ಟಂಗ ಆಗತೈತಲ್ರಿ. ಬೀಗರು ಏನಂದಾರು?"

ಮಾಸ್ತರರು ಕನ್ನಡಕದ ಮೇಲಿಂದ ನೋಡಿ, "ಹಳ್ಳದ ದಂಡೀಗೆ ಕುಂತ್ರ ಇನ್ನೂ ಭಾಳ ಅಂತಾರ್ರಿ" ಅಂದರು. ವ್ಯಾಪಾರಿ ನಕ್ಕುಬಿಟ್ಟರು. ನಾನು ಕೀಲಿಗೆ ಕೈ ಹಾಕಿದೆ.

ಮಧ್ಯಾಹ್ನ ದಿಬ್ಬಣ ವಿಜಾಪುರದಲ್ಲೇ ಇಳಿಯಿತು. ವರನ ತಂದೆ ನೇರ ನಮ್ಮ ಆಫೀಸಿಗೆ ಬಂದು, ಅಲ್ಲೇ ಕಾಯುತ್ತಿದ್ದ ಬೀಗರನ್ನು ತಬ್ಬಿಕೊಂಡು, "ಇಷ್ಟ ಕಮ್ಮಿ ಮಾತಾಡೂ ಬೀಗರು ಸಿಕ್ಕಾರಂತ ನಮ್ಮಾಕಿಗೆ ಭಾಳ ಖುಷಿ ಆಗೇತ್ರಿ" ಅಂದರು. ವ್ಯಾಪಾರಿ ನನ್ನತ್ತ ನೋಡಿದರು. ನಾನು ರಿಜಿಸ್ಟರಿನತ್ತ ನೋಡಿದೆ.

ಸಂಜೆ ತಂತಿ ಬಿಡುವಾದಾಗ ಉಳಿದ ಹಾಳೆಯನ್ನೂ ಕಳಿಸಿದೆ. ಸೊಲ್ಲಾಪುರದ ಮನೆಯಲ್ಲಿ ಆಗ ಉಳಿದಿದ್ದವಳು ಮುದುಕಿ ಅಜ್ಜಿಯೊಬ್ಬಳೇ. ತನ್ನನ್ನೇ ಇಷ್ಟು ವಿಚಾರಿಸಿದ್ದಾರೆಂದು ಓಣಿಯವರಿಂದ ಎರಡೆರಡು ಸಲ ಓದಿಸಿಕೊಂಡಳಂತೆ.

ಮರುದಿನ ಮಾಸ್ತರರೂ ನಾನೂ ಚಕ್ಕಡಿ ಹತ್ತಿ, ಸುತ್ತುದಾರಿಯಲ್ಲಿ ಬಬಲೇಶ್ವರಕ್ಕೆ ಊಟಕ್ಕೆ ಹೋದೆವು. ಹೋಳಿಗೆ ಬಡಿಸಲು ಬಂದ ಮದುಮಗಳು ಮೆಲ್ಲಗೆ, "ನಮ್ಮಪ್ಪನ ಬಾಯಿ ಕಟ್ಟಿದವರು ನೀವ ಏನ್ರಿ?" ಎಂದು ಕೇಳಿ, ಎಲೆಗೆ ಇನ್ನೆರಡು ಹಾಕಿ ಹೋದಳು.