ಲಿಸ್ಬನ್ನಿನಲ್ಲಿ ಒಂದು ಹಗಲು

ಕಳೆದ ವಾರ ಸಾಂಟಾ ಕ್ಲಾರಾದ ಆಫೀಸಿನಿಂದ ಹೊರಟವಳು, ಫ್ರೀವೇ ಪೂರ್ತಿ ಜಾಮ್ ಆಗಿದೆಯೆಂದು ಒಳರಸ್ತೆ ಹಿಡಿದೆ. ಅಲ್ಲೊಂದು ಸಿಗ್ನಲಿನ ಪಕ್ಕ ಪೋರ್ಚುಗೀಸರ ಬೇಕರಿ ಇದೆ. ಕಾರಿನ ಕಿಟಕಿ ತೆರೆದಿತ್ತು. ಕೆನೆಹಾಲು, ಅರೆಬರೆ ಸೀದ ಸಕ್ಕರೆ, ಅದರ ಮೇಲೆ ಉದುರಿಸಿದ ಚಕ್ಕೆಪುಡಿ... ಸಿಗ್ನಲು ಹಸಿರಾದದ್ದು ಹಿಂದಿನವನು ಹಾರ್ನ್ ಹೊಡೆದ ಮೇಲೇ ಗೊತ್ತಾಯಿತು. ಹೊಡ್ಕೊಳ್ಳಪ್ಪ ಅಂದುಕೊಂಡು ನಿಧಾನಕ್ಕೇ ಹೊರಟೆ. ನನಗೆ ಮೇಲ್ಮನೆ ಅಕ್ಕ ನೆನಪಾಗಿದ್ದರು.

ಇಲ್ಲೇ ಅಮೆರಿಕದಲ್ಲೇ ಇರುವ ಡಬ್ಲಿನ್ನಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಅವರು ನಮ್ಮ ತಲೆಯ ಮೇಲೆಯೇ ಇದ್ದರು. ಹಾಸನದ ಕಡೆಯವರು. ಯಜಮಾನರು ಕಂಪ್ಯೂಟರ್ ಚಿಪ್ಪಿನ ಕಂಪನಿಯೊಂದರಲ್ಲಿ ಇಂಜಿನಿಯರು, ಒಬ್ಬಳೇ ಮಗಳು. ಅಕ್ಕನಿಗೆ ಕಣ್ಣಿನ ಕಾಯಿಲೆಯಿತ್ತು. ಎದುರಿಗಿದ್ದದ್ದು ಚೆನ್ನಾಗಿ ಕಾಣುತ್ತಿತ್ತು, ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ವರ್ಷ ಹೋದಂತೆಲ್ಲ ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬಂದು ಒಂದು ದಿನ ಪೂರ್ತಿ ಹೋಗುತ್ತದೆ, ಔಷಧಿ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆದ್ದರಿಂದ ಅಕ್ಕ ಕಾರು ಓಡಿಸುವಂತಿರಲಿಲ್ಲ. ಕಾರಿಲ್ಲದವರಿಗೆ ನಮ್ಮೂರಲ್ಲಿ ಏನಿದೆ? ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಯಾರನ್ನಾದರೂ ಕೇಳಬೇಕು. ಅಕ್ಕ ನನ್ನನ್ನು ಕೇಳುತ್ತಿದ್ದರು. ಕೇಳುವ ಮೊದಲು ಪ್ರತಿಸಲವೂ ಮುಖ ಚಿಕ್ಕದು ಮಾಡಿಕೊಳ್ಳುತ್ತಿದ್ದರು, ಅದನ್ನು ನೋಡಿದರೆ ನನಗೆ ರೇಗುತ್ತಿತ್ತು.

ಅವರಿಗೆ ಆ ಪೋರ್ಚುಗೀಸರ ರಾಜಧಾನಿ ಲಿಸ್ಬನ್ನಿನ ಹುಚ್ಚು ಹಿಡಿದದ್ದೂ ಅದೇ ಕಾರಣಕ್ಕೆ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ಕಂಪ್ಯೂಟರಿನ ಮ್ಯಾಪು ತೆರೆದು, ಆ ಊರಿನ ಬೀದಿಗಳ ಫೋಟೋದೊಳಗೆ ಒಂದೊಂದೇ ಹೆಜ್ಜೆ ನಡೆಯುತ್ತಿದ್ದರು. ಗುಡ್ಡದ ಮೇಲಿನ ಊರು, ಕಲ್ಲು ಹಾಸಿದ ಓಣಿಗಳು, ಕೀರಲು ಸದ್ದಿನ ಟ್ರಾಮು. ಹಿಂದೊಮ್ಮೆ ಭೂಕಂಪದಲ್ಲಿ ಅರ್ಧ ಊರೇ ಬಿದ್ದುಹೋಗಿ ಮತ್ತೆ ಎದ್ದದ್ದು, ಬೀಳದೆ ಉಳಿದ ಕೇರಿ ಯಾವುದು, ಸಂಜೆಯಾದರೆ ಯಾವ ಓಣಿಯಲ್ಲಿ ಜನ ಗ್ಲಾಸು ಹಿಡಿದು ಬೀದಿಯಲ್ಲೇ ನಿಂತು ಹರಟುತ್ತಾರೆ, ಯಾವ ಹೋಟೆಲಿನಲ್ಲಿ ದೀಪ ಸಣ್ಣ ಮಾಡಿ ಹೆಂಗಸೊಬ್ಬಳು ದುಃಖದ ಹಾಡು ಹಾಡುತ್ತಾಳೆ, ಎಲ್ಲ ಗೊತ್ತಿತ್ತು.

"ಮುದುಕೀರೆಲ್ಲ ರಾತ್ರಿ ಒಬ್ಬೊಬ್ರೇ ಊಟಕ್ಕೆ ನಡ್ಕೊಂಡು ಹೋಗ್ತಾರೆ ಕಣೇ ಅಲ್ಲಿ. ಯಾರನ್ನೂ ಕೇಳ್ಬೇಕಾಗಿಲ್ಲ," ಅನ್ನುತ್ತಿದ್ದರು.

"ನಿಮ್ಮ ಹಾಸನದಲ್ಲೂ ಓಡಾಡ್ತಾರಲ್ಲ ಅಕ್ಕ, ಅಷ್ಟು ದೂರ ಯಾಕೆ?" ಅಂತ ನಾನು ರೇಗಿಸುತ್ತಿದ್ದೆ.

"ನಮ್ಮ ಕಡೆ ಮೆಣಸು ಮಾರಿ ಕಟ್ಟಿದ ಊರದು. ನೋಡ್ಕೊಂಡ್ ಬರೋ ಹಕ್ಕು ನಂಗಿದೆ."

ಒಮ್ಮೆ ಆ ಬೇಕರಿಯ ಬಟ್ಟಲಿನಂಥ ಸಿಹಿತಿಂಡಿ ತಂದುಕೊಟ್ಟೆ. ಅಕ್ಕ ಮೊಟ್ಟೆ ಮುಟ್ಟುವವರಲ್ಲ, ಅದರಲ್ಲಿ ಇರುವುದೆಲ್ಲ ಮೊಟ್ಟೆಯೇ. ಮೂಗಿನ ಹತ್ತಿರ ಹಿಡಿದು ಮೂಸಿ, ವಾಪಸು ಡಬ್ಬಿಯಲ್ಲಿಟ್ಟರು. ಅಲ್ಲಿಗೆ ಹೋದ ದಿನ ಒಂದೇ ಒಂದು ತಿನ್ನುತ್ತೇನೆ, ದೇವರ ಹತ್ತಿರ ಮಾತಾಡಿಕೊಂಡಿದ್ದೇನೆ ಅಂದರು.

ಹೋಗುವುದು ಮಾತ್ರ ಆಗುತ್ತಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಮುಗಿದು ಎಷ್ಟೋ ಕಾಲವಾಗಿತ್ತು. ಇಲ್ಲಿ ಇರಲು ತೊಂದರೆಯಿಲ್ಲ, ಹೊರಗೆ ಕಾಲಿಟ್ಟರೆ ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಮುದ್ರೆ, ಅಂದರೆ ಸ್ಟ್ಯಾಂಪಿಂಗು, ಆಗುವವರೆಗೆ ವಾಪಸು ಬರುವಂತಿಲ್ಲ. ಗ್ರೀನ್ ಕಾರ್ಡು ಇವತ್ತು ನಾಳೆ ಅನ್ನುತ್ತಾ ಯಜಮಾನರು ಮುಂದೂಡುತ್ತಿದ್ದರು. ಅಷ್ಟರಲ್ಲಿ ಅಕ್ಕ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಳ್ಳಲು ಶುರು ಮಾಡಿದರು. ಕೊನೆಗೆ, ಆದದ್ದಾಗಲಿ, ಊರಿಗೆ ಹೋಗಿ ಸ್ಟ್ಯಾಂಪಿಂಗು ಮಾಡಿಸಿಕೊಂಡೇ ಬರೋಣ ಎಂದು ಹೊರಟರು. ದಾರಿಯಲ್ಲಿ ಲಿಸ್ಬನ್: ಬೆಳಿಗ್ಗೆ ಇಳಿದು ರಾತ್ರಿ ಮುಂದಿನ ವಿಮಾನ. ಒಂದು ಹಗಲು ಪೂರ್ತಿ ಅಕ್ಕನದು.

ಆ ದೇಶದ ವೀಸಾ ಬೇಡವೇ ಎಂದು ಅಕ್ಕ ಕೇಳಿಯೇ ಕೇಳಿದ್ದರು. ಡ್ಯಾನ್‌ವಿಲ್‌ನಲ್ಲಿ ಯಾರದೋ ಗೃಹಪ್ರವೇಶ. ಊಟದ ಸಾಲಿನಲ್ಲಿ ನಿಂತು, ಆ ಮನೆಯ ಯಜಮಾನ ಬಿಸಿಬೇಳೆಭಾತ್ ಬಡಿಸಿಕೊಳ್ಳುತ್ತಾ, "ಏನೂ ಬೇಡ ರೀ, ನಾವು ಹೋದ್ವರ್ಷ ಹಾಗೇ ಹೊರಗೆ ಹೋಗಿ ಸುತ್ತಾಡ್ಕೊಂಡ್ ಬಂದ್ವಿ. ಏರ್‌ಪೋರ್ಟಲ್ಲಿ ಮುಖಾನೂ ನೋಡಲ್ಲ," ಅಂದ. ಸುಳ್ಳಲ್ಲ. ಅವನ ಮುಖವನ್ನು ಯಾರೂ ನೋಡಿರಲಿಲ್ಲ, ಏಕೆಂದರೆ ಅವನ ಕೈಯಲ್ಲಿದ್ದದ್ದು ಅಮೆರಿಕದ ಪಾಸ್‌ಪೋರ್ಟು. ತಾನು ಸಿಟಿಜನ್ ಆಗಿದ್ದೇನೆ, ಇವರು ಆಗಿಲ್ಲ ಎಂಬುದು ಆ ಪುಣ್ಯಾತ್ಮನ ತಲೆಗೆ ಬರಲೇ ಇಲ್ಲ. ಒಂದೇ ಥರ ಕನ್ನಡ ಮಾತಾಡಿಕೊಂಡು, ಒಂದೇ ಸಾಲಿನಲ್ಲಿ ನಿಂತು ಬಡಿಸಿಕೊಳ್ಳುತ್ತಿದ್ದೆವಲ್ಲ, ನಮ್ಮಲ್ಲೂ ಯಾರಿಗೂ ಹೊಳೆಯಲಿಲ್ಲ. ಅವನನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟು ನೋಡುವ ಕಿಟಕಿಯ ಹುಡುಗಿ ಪುಟಗಳನ್ನು ಎರಡೆರಡು ಸಲ ತಿರುವಿ, ಬಹಳ ಮರ್ಯಾದೆಯಿಂದ, ನೀವು ಒಳಗೇ ಇರಬೇಕು ಅಂದಳಂತೆ. ಅಕ್ಕ ಹೊಸ ವಾಕಿಂಗ್ ಶೂ ಹಾಕಿಕೊಂಡಿದ್ದರು. ಇಡೀ ಹಗಲು ಗಾಜಿನ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರಂತೆ. ಗಾಜಿನಾಚೆ ಕಂಡದ್ದು ವಿಮಾನಗಳು, ಲಗೇಜು ಗಾಡಿಗಳು, ದೂರದಲ್ಲಿ ಯಾವ ಊರಲ್ಲಾದರೂ ಇರುವಂಥ ಅಪಾರ್ಟ್‌ಮೆಂಟುಗಳು. ಒಳಗಿನ ಅಂಗಡಿಯಲ್ಲಿ ಅದೇ ತಿಂಡಿ ಇತ್ತು, ಮಗಳು ತಂದುಕೊಟ್ಟಳು. "ದಿಸ್ ಈಸ್ ಲಿಸ್ಬನ್ ಟೂ, ಅಮ್ಮ," ಅಂದಳಂತೆ. ಪಾಪ, ಅವಳಾದರೂ ಏನು ಹೇಳಿಯಾಳು. ಅಕ್ಕ ತಿನ್ನಲಿಲ್ಲ.

ಊರಿನಲ್ಲಿ ಸ್ಟ್ಯಾಂಪಿಂಗಿಗೆ ತಿಂಗಳುಗಟ್ಟಲೆ ಕಾಯಿಸಿದರು. ಬೇರೆ ದಾರಿಯಲ್ಲಿ ವಾಪಸು ಬಂದಾಗ ಅಕ್ಕ ಮೆಟ್ಟಿಲನ್ನು ಕಾಲಿನಿಂದ ಸವರಿ ಹುಡುಕಿ ಹತ್ತುತ್ತಿದ್ದರು. ಆಮೇಲೆ ಕಂಪ್ಯೂಟರು ತೆರೆದದ್ದನ್ನು ನಾನು ನೋಡಲಿಲ್ಲ. ಈ ಸಲ ಸರಿಯಾಗಿ ವೀಸಾ ಮಾಡಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಅವರು ಸೊಪ್ಪು ಬಿಡಿಸುತ್ತಿದ್ದರು, ಬೆರಳಲ್ಲೇ ನೋಡಿಕೊಂಡು.

"ಈಗ್ಯಾಕಮ್ಮ? ಅಲ್ಲೂ ನಿನ್ನ ಕೈ ಹಿಡ್ಕೊಂಡೇ ನಡೀಬೇಕು."

ಮುಂದೆ ಯಜಮಾನರ ಕೆಲಸ ಹೋಯಿತು. ಗ್ರೀನ್ ಕಾರ್ಡು ಬರಲಿಲ್ಲ. ಮಗಳನ್ನು ಇಲ್ಲಿ ಕಾಲೇಜಿನಲ್ಲಿ ಬಿಟ್ಟು ಇಬ್ಬರೂ ಹಾಸನಕ್ಕೆ ಹೋದರು. ಅಲ್ಲಿ ಅಕ್ಕನಿಗೆ ಪೂರ್ತಿ ಕತ್ತಲಾಯಿತು.

ಹೋದ ಬೇಸಿಗೆಯಲ್ಲಿ ನಾನು ಲಿಸ್ಬನ್ನಿಗೆ ಹೋದೆ. ನಾನೂ ಈಗ ಸಿಟಿಜನ್. ನಿಜವಾಗಿಯೂ ಯಾರೂ ಮುಖ ನೋಡಲಿಲ್ಲ. ಅಕ್ಕ ಯಾವಾಗಲೂ ಹೇಳುತ್ತಿದ್ದ ಏರುದಾರಿಯಲ್ಲಿ ನಿಂತು, ಅವರಿಗೆ ಖುಷಿಯಾಗಲಿ ಎಂದು ಫೋನು ಮಾಡಿದೆ. ಹಾಸನದಲ್ಲಿ ದೀಪ ಹಚ್ಚುವ ಹೊತ್ತು ಕಳೆದಿತ್ತು. ಟ್ರಾಮು ಹೋಗುವ ಸದ್ದನ್ನು ಅವರಿಗೆ ಕೇಳಿಸಿದೆ. ಎಲ್ಲಿ ನಿಂತಿದ್ದೀಯ ಅಂದರು. ಹೇಳಿದೆ.

"ಹಾಗಾದ್ರೆ ಬಲಗಡೆ ಬಾವಿಕಟ್ಟೆ ಥರದ್ದು ಒಂದು ಕಾರಂಜಿ. ಅದ್ರ ಪಕ್ಕ ಗೋಡೆ ಪೂರ್ತಿ ನೀಲಿ ಟೈಲ್ಸು."

"ಇದೆ ಅಕ್ಕ. ಹಾಗೇ ಇದೆ."

ಅಕ್ಕ ತಮ್ಮಷ್ಟಕ್ಕೆ ನೀಲಿ, ನೀಲಿ ಅಂದುಕೊಂಡರು.

"ನೀಲಿ ಅಂತ ಬಾಯಲ್ಲಿ ಬರತ್ತೆ ಕಣೇ. ಕಣ್ಮುಂದೆ ಬರ್ತಿಲ್ಲ. ಎಷ್ಟು ಸಲ ನೋಡಿದ್ದೆ ಅದನ್ನ."

ನಾನು ಪೆದ್ದಿಯಂತೆ, ಆಕಾಶದ ಥರ ಅಕ್ಕ, ಅಂದೆ. ಆಕಾಶವೂ ಅವರಿಗೆ ಹೋಗಿತ್ತು ಎಂಬುದು ಅಂದುಬಿಟ್ಟ ಮೇಲೆ ತಿಳಿಯಿತು. "ಇರ್ಲಿ, ಬಿಸಿಲಲ್ಲಿ ನಿಂತಿರ್ತೀಯ, ಇಡು," ಅಂದು ಅವರೇ ಫೋನು ಇಟ್ಟರು.

ಈಗಲೂ ಭಾನುವಾರ ಮಾತಾಡುತ್ತೇವೆ. ಮಂಡಿನೋವು, ಮಗಳ ಪರೀಕ್ಷೆ, ಇವತ್ತಿನ ಹುಳಿ. ಬೇಕರಿಯ ವಿಷಯ ನಾನು ಹೇಳಲಿಲ್ಲ. ಆ ಊರನ್ನು ಅವರಿಗೆ ತೋರಿಸಬಲ್ಲವರು ಈಗ ಯಾರೂ ಇಲ್ಲ. ಅದರ ಹೆಸರನ್ನು ನಾವಿಬ್ಬರೂ ಎತ್ತುವುದಿಲ್ಲ.