ಕುಚ್ಚಿನ ಟ್ರಂಕು, ಉಪ್ಪಿನಕಾಯಿ ಬಾಟಲಿ

ಹೋದ ವರ್ಷ ಭೀಮನ ಅಮಾವಾಸ್ಯೆಯ ಹಿಂದಿನ ಭಾನುವಾರ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ನಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟಕ್ಕೂ ಸಂಜೆಯ ದೀಪಕ್ಕೂ ನಡುವೆ ಹದಿನಾಲ್ಕು ಲಗ್ನಪತ್ರಿಕೆಗಳನ್ನು ಕತ್ತರಿಸಲಾಯಿತು. ಕತ್ತರಿಸಿದವಳು ನನ್ನ ಹೆಂಡತಿಯ ತಂಗಿ. ಕತ್ತರಿ ಎಲ್ಲಿದೆ ಎಂದು ಹೇಳಿದವನು ನಾನು. ಹೆಂಡತಿ ಊರಲ್ಲಿರಲಿಲ್ಲ. ಹದಿನಾಲ್ಕರಲ್ಲಿ ಹದಿಮೂರು ಮದುವೆಗಳು ಆಗಲೇ ಮುಗಿದಿದ್ದವು. ಒಂದು ಬಾಕಿಯಿತ್ತು.

ನನ್ನ ಹೆಂಡತಿ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಸೆರಗಿನ ಅಂಚಿಗೆ ರೇಷ್ಮೆ ದಾರದ ಗೊಂಚಲು, ನಡುನಡುವೆ ಮಣಿ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಅವಳ ಸಾಮಾನೆಲ್ಲ ಇದ್ದದ್ದು ಮಂಚದ ಕೆಳಗಿನ ಒಂದು ತಗಡಿನ ಟ್ರಂಕಿನಲ್ಲಿ. ಸೀರೆ ಕೊಡಲು ಬರುವವರು ಜೊತೆಗೆ ಲಗ್ನಪತ್ರಿಕೆಯನ್ನೂ ಕೊಡುತ್ತಾರೆ. ಮದುವೆಗೆ ಕರೆದ ಹಾಗೂ ಆಯಿತು, ಯಾವತ್ತಿನೊಳಗೆ ಬೇಕೆಂದು ತಿಳಿಸಿದ ಹಾಗೂ ಆಯಿತು. ಅವಳು ಆ ಸೀರೆಯ ದಾರವನ್ನು ಅದೇ ಪತ್ರಿಕೆಯ ಮಡಿಕೆಯೊಳಗೆ ಇಡುತ್ತಿದ್ದಳು. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಎಷ್ಟು ಕುಚ್ಚು, ಯಾವ ಮಣಿ, ಎಷ್ಟು ಉದ್ದ ಎಂದು ಬರೆದಿರುತ್ತಿತ್ತು. ಮುಹೂರ್ತ ಹತ್ತಿರವಿರುವ ಪತ್ರಿಕೆ ಮೇಲೆ, ದೂರವಿರುವುದು ಕೆಳಗೆ. ಮದುವೆ ಮುಗಿದ ಮೇಲೂ ಪತ್ರಿಕೆ ಟ್ರಂಕಿನಲ್ಲೇ ಉಳಿಯುತ್ತಿತ್ತು. ವರ್ಷ ಕಳೆದ ಮೇಲೆ ಯಾರದೋ ಕುಚ್ಚು ಉದುರಿ, ಅದೇ ಬಣ್ಣದ ದಾರ ಬೇಕೆಂದು ಬಂದಾಗ ಹುಡುಕಬೇಕಲ್ಲ. ಯಾರದ್ದನ್ನೇ ಕೇಳಲಿ, ಕೂತಲ್ಲಿಂದಲೇ ಕೈಚಾಚಿ ತೆಗೆದುಕೊಡುತ್ತಿದ್ದಳು.

ನಾನು ಪತ್ರಿಕಾ ಕಚೇರಿಯ ಡೆಸ್ಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ನಮ್ಮ ಕಚೇರಿಯಲ್ಲಿ ಹಳೆಯ ಫೋಟೊ ಒಂದನ್ನು ಹುಡುಕಲು ಇಬ್ಬರು ನೌಕರರೂ ಒಂದು ಕಂಪ್ಯೂಟರೂ ಇದ್ದವು. ಫೋಟೊ ಸಿಗುತ್ತಿರಲಿಲ್ಲ. ಮಂಚದ ಕೆಳಗಿನ ಆ ಟ್ರಂಕಿನಷ್ಟು ಶಿಸ್ತಿನ ಕಡತವನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ಅದು ನೋಡಲು ಚೆನ್ನಾಗಿರಲಿಲ್ಲ. ನಾದಿನಿಯ ಕಣ್ಣಿಗೆ ಬಿದ್ದದ್ದು ಅಷ್ಟೇ.

ನಾದಿನಿ ಇರುವುದು ದೇವನಹಳ್ಳಿಯ ಆಚೆ, ವಿಮಾನ ನಿಲ್ದಾಣದ ರಸ್ತೆಯ ಬದಿಯ ಅಪಾರ್ಟ್‌ಮೆಂಟಿನಲ್ಲಿ. ಕಸವನ್ನು ಮನೆಯಿಂದ ಹೊರಗೆ ಹಾಕುವುದನ್ನು ಆಕೆ ನಿಲ್ಲಿಸಿ ಮೂರು ವರ್ಷವಾಯಿತು. ಹಳೆಯ ಜೀನ್ಸ್ ಪ್ಯಾಂಟಿನ ಜೇಬುಗಳು ಅವಳ ಅಡುಗೆಮನೆಯ ಗೋಡೆಯಲ್ಲಿ ಮೊಳೆ ಹೊಡೆಸಿಕೊಂಡು ಸೌಟುಗಳನ್ನು ಹೊತ್ತಿವೆ. ಮೊಟ್ಟೆಯ ಟ್ರೇಗೆ ಬಂಗಾರದ ಬಣ್ಣ ಬಳಿದು ಬಳೆ ಇಟ್ಟಿದ್ದಾಳೆ. ಟಾಯ್ಲೆಟ್ ಕಾಗದದ ಸುರುಳಿಯ ಒಳಗಿನ ಕೊಳವೆಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಮಕ್ಕಳ ಪೆನ್ಸಿಲ್ ನಿಲ್ಲಿಸಿದ್ದಾಳೆ. ಆ ಮನೆಯಲ್ಲಿ ಆ ಕಾಗದ ಬಳಸಲು ಶುರುಮಾಡಿದ್ದೇ ಕೊಳವೆ ಬೇಕಾದ ಮೇಲೆ. ಇದೆಲ್ಲ ದುಂದುವೆಚ್ಚವಿಲ್ಲದ ಬದುಕು ಎಂದು ಅವಳು ಹೇಳುತ್ತಾಳೆ. ಬಿಸಾಡುವ ವಸ್ತುಗಳಿಗೆ ಹಚ್ಚಲು ಅವಳು ತರಿಸುವ ಅಂಟು, ಬಣ್ಣ, ಲೇಸು, ಮಿನುಗುವ ಟೇಪುಗಳ ಪಾರ್ಸೆಲ್ ವಾರಕ್ಕೆರಡು ಸಲ ಬರುತ್ತದೆ. ಪಾರ್ಸೆಲ್ಲಿನ ರಟ್ಟಿನ ಡಬ್ಬವನ್ನೂ ಅವಳು ಬಿಸಾಡುವುದಿಲ್ಲ.

ಆ ಭಾನುವಾರ ಹಬ್ಬಕ್ಕೆಂದು ಐದಾರು ದಿನ ಇರಲು ಬಂದಳು. ಕಾರಿನ ಡಿಕ್ಕಿಯಿಂದ ಹನ್ನೆರಡು ಗಾಜಿನ ಬಾಟಲಿಗಳನ್ನು ಇಳಿಸಿದಳು. ಎಲ್ಲವೂ ಒಂದೇ ಅಳತೆ, ಒಂದೇ ಆಕಾರ. ಖಾಲಿಯಾದ ಬಾಟಲಿಗಳು ಹೀಗೆ ಅವಳಿಜವಳಿಯಂತೆ ಸಿಗುವುದು ಹೇಗೆ ಎಂದು ಕೇಳಿದೆ. ಮಾವಿನಕಾಯಿ ಉಪ್ಪಿನಕಾಯಿಯ ಹನ್ನೆರಡು ಬಾಟಲಿ ಒಟ್ಟಿಗೆ ಕೊಂಡು, ಉಪ್ಪಿನಕಾಯಿಯನ್ನು ಅಪಾರ್ಟ್‌ಮೆಂಟಿನ ಕಾವಲುಗಾರರಿಗೆ ಹಂಚಿದಳಂತೆ. ಅವರಲ್ಲೊಬ್ಬರಿಗೆ ಬಿಪಿ ಇತ್ತೆಂದು ಆಮೇಲೆ ಗೊತ್ತಾಯಿತಂತೆ.

ಹೆಂಡತಿ ಹುಷಾರಿಲ್ಲದ ಚಿಕ್ಕಮ್ಮನನ್ನು ನೋಡಿಕೊಂಡು ಬರಲು ಸೂಲಿಬೆಲೆಗೆ ಹೋಗಿದ್ದಳು. ಅಕ್ಕನಿಗೆ ಆಶ್ಚರ್ಯ ಕೊಡಬೇಕೆಂದು ತಂಗಿ ಟ್ರಂಕನ್ನು ಹೊರಗೆಳೆದಳು. ಸ್ವಲ್ಪ ಹೊತ್ತಿಗೆ ನಾನು ಕೂತಿದ್ದಲ್ಲಿಗೆ ಬಂದು ನಿಂತಳು.

"ಭಾವ, ಅಕ್ಕ ಏನು ಗುಜರಿ ಅಂಗಡಿ ಇಟ್ಕೊಂಡಿದಾಳೆ? ಇಷ್ಟೊಂದ್ ಇನ್ವಿಟೇಷನ್ ಯಾಕೆ? ಎಲ್ಲಾ ಮುಗ್ದಿರೋ ಮದ್ವೆಗಳು ತಾನೇ?"

"ಇರಬೇಕು" ಎಂದೆ.

ಪರಿಶೀಲಿಸದೆ ಹೇಳಿದ ಮಾತು ಅದು. ಕಚೇರಿಯಲ್ಲಿ ಯಾರಾದರೂ ಹುಡುಗರು ಹಾಗೆ ಹೇಳಿದ್ದರೆ ಸುದ್ದಿಯನ್ನು ಮುಖದ ಮೇಲೆ ಎಸೆಯುತ್ತಿದ್ದೆ. ಆಮೇಲೆ ಅವಳು ಕತ್ತರಿ ಕೇಳಿದಳು. ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿದೆ ಎಂದೆ.

ಸಂಜೆಯ ಹೊತ್ತಿಗೆ ಕೋಣೆಯ ಗೋಡೆಗೆ ಒಂದು ಹಲಗೆ ಏರಿತ್ತು. ಸೀರೆ ಡಬ್ಬಗಳ ರಟ್ಟನ್ನು ನಾಲ್ಕು ಪದರ ಅಂಟಿಸಿ ಮಾಡಿದ್ದು. ತುಂಡು ಮಾಡಿದ ಪಿವಿಸಿ ಪೈಪಿನೊಳಗೆ ಕ್ರೋಶಾ ಕಡ್ಡಿಗಳು. ಐಸ್‌ಕ್ರೀಂ ಡಬ್ಬಿಗಳಲ್ಲಿ ಮಣಿಗಳು. ಹನ್ನೆರಡು ಬಾಟಲಿಗಳಲ್ಲಿ ದಾರ: ಕೆಂಪೆಲ್ಲ ಒಂದರಲ್ಲಿ, ಹಸಿರೆಲ್ಲ ಒಂದರಲ್ಲಿ, ನೀಲಿಯೆಲ್ಲ ಒಂದರಲ್ಲಿ. ಪ್ರತಿ ಬಾಟಲಿಯ ಮೇಲೂ ಲಗ್ನಪತ್ರಿಕೆಯಿಂದ ಕತ್ತರಿಸಿದ ಪಟ್ಟಿ, ಬಂಗಾರದ ಅಂಚು ಹೊರಗೆ ಕಾಣುವಂತೆ. ಪಟ್ಟಿಯ ಮೂಲೆಯಲ್ಲಿ ಬಣ್ಣದ ಹೆಸರು ಇಂಗ್ಲಿಷಿನಲ್ಲಿ. ಬಾಟಲಿಯೊಳಗೆ ಕೆಂಪು ದಾರ ಇರುವುದು ಕಾಣುತ್ತಿರುವಾಗ ಮೇಲೆ ಕೆಂಪು ಎಂದು ಬರೆಯುವ ಅಗತ್ಯವೇನು ಎಂದು ನಾನು ಕೇಳಲಿಲ್ಲ. ಅವಳು ಎಲ್ಲವನ್ನೂ ವಿಡಿಯೊ ಮಾಡುತ್ತಿದ್ದಳು.

ಹೆಂಡತಿ ಬಂದು ಬಾಗಿಲಲ್ಲೇ ನಿಂತು ಗೋಡೆಯನ್ನು ಎಡದಿಂದ ಬಲಕ್ಕೆ ನೋಡಿದಳು. ಚೆನ್ನಾಗಿದೆ ಎಂದಳು. ಅದು ಅವಳ ದೋಷ, ತಂಗಿಗೆ ಯಾವಾಗಲೂ ಮೊದಲು ಚೆನ್ನಾಗಿದೆ ಎನ್ನುತ್ತಾಳೆ. ಆಮೇಲೆ ಪತ್ರಿಕೆಗಳು ಎಲ್ಲಿ ಎಂದು ಕೇಳಿದಳು. ತಂಗಿ ಬಾಟಲಿಗಳ ಕಡೆ ಕೈ ತೋರಿಸಿದಳು. ಹೆಂಡತಿ ಹತ್ತಿರ ಹೋಗಿ ಒಂದೊಂದೇ ಪಟ್ಟಿ ಓದಿದಳು. ಆರನೆಯದರ ಹತ್ತಿರ ನಿಂತಳು.

ಬಾಕಿಯಿದ್ದ ಮದುವೆ ಜಡಿಗೇನಹಳ್ಳಿ ಕಡೆಯ ರೈತರ ಮನೆಯದು. ಶ್ರಾವಣದ ಮೂರನೇ ವಾರ ಮುಹೂರ್ತ. ಆ ಮನೆಯ ನೆಂಟರಿಷ್ಟರು ಸುತ್ತ ಹತ್ತು ಹಳ್ಳಿಗಳಲ್ಲಿದ್ದಾರೆ, ಹೆಂಡತಿಗೆ ಬರುವ ಸೀರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಕಡೆಯವೇ. ಅರಿಸಿನ ಬಣ್ಣದ ಧಾರೆ ಸೀರೆ, ಕೆಂಪು ಸೆರಗು. ದೊಡ್ಡಬಳ್ಳಾಪುರದಲ್ಲಿ ಹುಡುಗಿಯ ಸೋದರಮಾವನ ಮಗ್ಗದಲ್ಲೇ ನೇಯ್ದದ್ದು. ಸೆರಗಿಗೆ ಬಣ್ಣ ಹಾಕಿದ ಪಾತ್ರೆಯಲ್ಲೇ ಅದ್ದಿದ ಒಂದು ಲಡಿ ದಾರವನ್ನು ಮಾವ ಕುಚ್ಚಿಗೆಂದು ಎತ್ತಿಟ್ಟು ಕಳಿಸಿದ್ದರು. ಆಷಾಢ ಹುಟ್ಟುವ ಮೊದಲೇ ತಾಯಿ ಬಂದು ಸೀರೆ, ದಾರ, ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ ಪತ್ರಿಕೆ ಮೂರನ್ನೂ ಕೊಟ್ಟು, ಆಷಾಢದಲ್ಲಿ ಮಾತ್ರ ಸೂಜಿ ಮುಟ್ಟಿಸಬೇಡಿ, ಶ್ರಾವಣ ಬಿದ್ದ ಮೇಲೆ ನಾನೇ ಬಂದು ಗಂಟು ಬಿಚ್ಚಿಕೊಡುತ್ತೇನೆ ಎಂದು ಹೇಳಿ ಹೋಗಿದ್ದರು. ಸೀರೆ ಬಿಳಿ ಬಟ್ಟೆಯ ಗಂಟಿನಲ್ಲಿ ಬೀರುವಿನೊಳಗೆ ಭದ್ರವಾಗಿತ್ತು. ಪತ್ರಿಕೆ ಮೂರು ತುಂಡಾಗಿತ್ತು. ಹುಡುಗಿಯ ಹೆಸರಿನ ಮೊದಲರ್ಧ ಕೆಂಪು ಬಾಟಲಿಯ ಮೇಲೆ, ಉಳಿದರ್ಧ ಹಸಿರು ಬಾಟಲಿಯ ಮೇಲೆ. ಹುಡುಗನ ಹೆಸರು ಎಲ್ಲೂ ಸಿಗಲಿಲ್ಲ. ಆ ಭಾಗದಲ್ಲಿ ಬಂಗಾರದ ಅಂಚು ಇರಲಿಲ್ಲವಾದ್ದರಿಂದ ಅದು ಕಸಕ್ಕೆ ಹೋಗಿತ್ತು. ಮೂರು ವರ್ಷದಲ್ಲಿ ನಾದಿನಿಯ ಕೈಯಿಂದ ಕಸಕ್ಕೆ ಹೋದ ಏಕೈಕ ವಸ್ತು ಅದೇ ಇರಬೇಕು.

ಹೆಂಡತಿ ಪಟ್ಟಿಗಳನ್ನು ಕೀಳಲು ನೋಡಿದಳು. ಕಾಯಿಸಿ ಸುರಿಯುವ ಆ ಅಂಟು ಗಾಜನ್ನು ಬಿಡಲಿಲ್ಲ. ಉಗುರು ಹಾಕಿದರೆ ಅಕ್ಷರವೇ ಕಿತ್ತು ಬರುತ್ತಿತ್ತು. ಅಷ್ಟಕ್ಕೇ ಬಿಟ್ಟಳು. ನೆನೆಸಿದರೆ ಹೋಗುತ್ತದೆ, ಹಬ್ಬ ಕಳೆಯಲಿ ಎಂದು ತಂಗಿ ಸಮಾಧಾನ ಹೇಳಿದಳು. ತಾಯಿ ಶನಿವಾರವೋ ಭಾನುವಾರವೋ ಬರುತ್ತಾರೆ ಎಂಬ ಅಂದಾಜಿನಲ್ಲಿ ಇವರಿಬ್ಬರೂ ಗಂಡನ ಪಾದಪೂಜೆಯ ತಯಾರಿಗೆ ಹೊರಟರು. ನಾನು ಗುರುವಾರ ಪೂಜೆ ಮಾಡಿಸಿಕೊಂಡೆ.

ಆ ತಾಯಿ ಶುಕ್ರವಾರವೇ ಬಂದರು, ಶ್ರಾವಣದ ಮೊದಲ ದಿನ, ಬೆಳಗಿನ ಬಸ್ಸಿಗೆ. ಒಬ್ಬರೇ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಮಾತು ಕಡಿಮೆ. ಕೈಯಲ್ಲಿ ಹೂವು ಮತ್ತು ರವಿಕೆಯ ಬಟ್ಟೆ. ನಾದಿನಿ ಅವರನ್ನು ನೇರ ಕೋಣೆಗೇ ಕರೆದುಕೊಂಡು ಹೋಗಿ ಗೋಡೆಯನ್ನು ತೋರಿಸಿದಳು. ಎಲ್ಲವೂ ವೇಸ್ಟಿನಿಂದ ಮಾಡಿದ್ದು ಎಂದು ವಿವರಿಸಿದಳು. ಅವರು ತಲೆಯಾಡಿಸಿದರು. ಕೆಂಪು ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದರು. ಇಂಗು, ಸಾಸಿವೆ ಎಣ್ಣೆ. ಬಾಟಲಿ ತಿರುಗಿಸಿ ಪಟ್ಟಿ ಓದಿದರು. ಅವರಿಗೆ ಓದು ನಿಧಾನ, ತುಟಿ ಅಲುಗುತ್ತಿತ್ತು. ಆಮೇಲೆ ಹಸಿರು ಬಾಟಲಿ ಎತ್ತಿಕೊಂಡರು. ಎರಡನ್ನೂ ಪಕ್ಕಪಕ್ಕ ಹಿಡಿದು ಹೆಸರನ್ನು ಪೂರ್ತಿ ಓದಿದರು.

"ಇನ್ನೂ ಧಾರೆ ಆಗಿಲ್ಲ ಕಣಕ್ಕಾ. ಅಷ್ಟ್ರಲ್ಲೇ ಕತ್ತರಿ ಹಾಕ್ಬಿಟ್ರಲ್ಲ" ಎಂದರು ನನ್ನ ಹೆಂಡತಿಗೆ.

ಉತ್ತರ ಕೊಟ್ಟವಳು ನಾದಿನಿ.

"ಅಯ್ಯೋ ಅದು ಪ್ರಿಂಟ್ ಅಷ್ಟೇ ಆಂಟಿ, ಏನಾಗಲ್ಲ. ಇನ್ನೊಂದ್ ಕಾರ್ಡ್ ಇದ್ರೆ ಕೊಡಿ, ಅದನ್ನೂ ಚೆನ್ನಾಗಿ ಫ್ರೇಮ್ ಮಾಡ್ಕೊಡ್ತೀನಿ."

ಆ ಹೆಂಗಸು ಅವಳ ಕಡೆ ತಿರುಗಿದರು.

"ನಿಮ್ದು ಎತ್ತಿಟ್ಟಿದೀರೇನವ್ವ? ನಿಮ್ ಮದ್ವೆ ಪತ್ರಿಕೆ. ತತ್ತಾರವ್ವ, ಅದ್ನೂ ಒಂದ್ ಬಾಟ್ಲಿಗ್ ಅಂಟ್ಸಿ ನೋಡೋಣ."

ನಾದಿನಿ ಫೋನನ್ನು ಕೆಳಗಿಳಿಸಿದಳು. ಅಲ್ಲಿಯವರೆಗೂ ಅದರಲ್ಲಿ ವಿಡಿಯೊ ನಡೆಯುತ್ತಲೇ ಇತ್ತು ಎಂದು ನನಗೆ ಆಗ ತಿಳಿಯಿತು.

ಸೀರೆ ವಾಪಸು ಕೊಡಿ ಎಂದು ಅವರು ಕೇಳಿದರು. ಜೊತೆಗೆ ಅಣ್ಣ ಕೊಟ್ಟ ದಾರವನ್ನೂ ಕೊಡಿ, ಬೇರೆಯವರ ಹತ್ತಿರ ಹಾಕಿಸಿಕೊಳ್ಳುತ್ತೇವೆ ಎಂದರು. ಹೆಂಡತಿ ಬೀರುವಿನಿಂದ ಗಂಟು ತಂದು ಅವರ ಮುಂದಿಟ್ಟಳು. ಆಮೇಲೆ ಕೆಂಪು ಬಾಟಲಿಯನ್ನು ಚಾಪೆಯ ಮೇಲೆ ಬೋರಲು ಹಾಕಿದಳು. ಒಂಬತ್ತು ಲಡಿ ಕೆಂಪು ಬಿದ್ದವು. ನನ್ನ ಕಣ್ಣಿಗೆ ಒಂಬತ್ತೂ ಒಂದೇ. ನಾದಿನಿಯ ಕಣ್ಣಿಗೂ ಒಂದೇ, ಇಲ್ಲದಿದ್ದರೆ ಒಂದೇ ಬಾಟಲಿಗೆ ತುಂಬುತ್ತಿರಲಿಲ್ಲ.

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಒಂದೊಂದೇ ಲಡಿಯ ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದಳು. ಅವಳ ತವರಿನಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ನುಗಳಿದ್ದವು. ಎಳೆ ಹಿಡಿದರೆ ಅವಳಿಗೆ ಗೊತ್ತಾಗುತ್ತದೆ. ಅಂಗಡಿಯ ದಾರ ಬೆರಳಲ್ಲಿ ಜಾರುತ್ತದೆ, ಮಗ್ಗದ ರೇಷ್ಮೆ ಹಿಡಿಯುತ್ತದೆ. ಏಳು ಲಡಿಗಳನ್ನು ಎಡಕ್ಕೆ ತಳ್ಳಿದಳು. ಉಳಿದ ಎರಡನ್ನು ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಹೋಗಿ, ಆ ತಾಯಿಯ ಕೈಯಲ್ಲೇ ಗಂಟು ಬಿಚ್ಚಿಸಿ, ಬಿಸಿಲಲ್ಲಿ ಸೆರಗಿನ ಮೇಲೆ ಇಟ್ಟಳು. ಒಂದು ಸೆರಗಿನಲ್ಲಿ ಬೆರೆತುಹೋಯಿತು. ಒಂದು ಎದ್ದು ಕಂಡಿತು.

"ಇದು ನಿಮ್ಮಣ್ಣಂದು" ಎಂದು ಮೊದಲನೆಯದನ್ನು ಅವರ ಕೈಗಿಟ್ಟಳು.

ಅವರು ದಾರವನ್ನು ಸೆರಗಿನ ಮೇಲೆ ಇನ್ನೊಮ್ಮೆ ಇಟ್ಟು ನೋಡಿದರು. ಮೂಸಿದರು. ಬಿಸಿಲಿಗೆ ಹಾಕಿದರೆ ವಾಸನೆ ಹೋಗುತ್ತದೆಯೇ ಎಂದು ಕೇಳಿದರು. ಎರಡು ದಿನ ನೆರಳಲ್ಲಿ ಗಾಳಿಗೆ ಹರಡಬೇಕು, ಬಿಸಿಲಿಗೆ ಬಣ್ಣ ಹೋಗುತ್ತದೆ ಎಂದು ಹೆಂಡತಿ ಹೇಳಿದಳು. ಅವರು ಸೀರೆಯನ್ನು ಮಡಿಸಿ ಮತ್ತೆ ಗಂಟು ಕಟ್ಟಿದರು. ಎರಡು ಬಾಟಲಿಗಳನ್ನೂ ಕೇಳಿ ತೆಗೆದುಕೊಂಡರು. ಬಾಗಿಲವರೆಗೆ ಹೋಗಿ ನಿಂತರು.

"ಈ ಮನೇಲಿ ಬ್ಯಾಡ. ನೀವ್ ನಮ್ಮನೇಗ್ ಬನ್ನಿ. ದೇವ್ರ ಮುಂದೆ ಕೂತ್ಕೊಂಡ್ ಹಾಕ್ಕೊಡಿ. ಕತ್ತರಿ ನಮ್ದೇ ಐತೆ."

ಹೆಂಡತಿ ಮೂರು ದಿನ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದಳು. ಅವರ ಮನೆಯ ದೇವರ ಗೂಡಿನ ಮುಂದೆ ಕೂತು ಕುಚ್ಚು ಕಟ್ಟಿದಳು. ಬಾಟಲಿಗಳನ್ನು ಅವರು ಬಿಸಿನೀರಲ್ಲಿ ನೆನೆಸಿ, ಎರಡು ತುಂಡುಗಳನ್ನೂ ಬಿಡಿಸಿ, ಕೆರೆಯಲ್ಲಿ ಬಿಟ್ಟರಂತೆ. ಬಾಟಲಿಗಳನ್ನು ತೊಳೆದು ವಾಪಸು ಕಳಿಸಿದರು. ಮದುವೆ ನಡೆಯಿತು. ನಾವು ಹೋಗಿದ್ದೆವು. ಧಾರೆ ಹೊತ್ತಿನಲ್ಲಿ ಹುಡುಗಿಯ ಭುಜದ ಮೇಲೆ ಕುಚ್ಚು ಸರಿಯಾಗಿ ಕೂತಿತ್ತು. ಊಟದ ಪಂಕ್ತಿಯಲ್ಲಿ ಹೆಂಡತಿಯ ಪಕ್ಕ ಕೂತ ಹೆಂಗಸು ಬಾಟಲಿಯ ಕಥೆಯನ್ನು ಅವಳಿಗೇ ಹೇಳಿದಳು, ಅವಳು ಯಾರೆಂದು ತಿಳಿಯದೆ. ಹೆಂಡತಿ ಕೊನೆಯವರೆಗೂ ಕೇಳಿಸಿಕೊಂಡಳು.

ರಟ್ಟಿನ ಹಲಗೆ ಮಳೆಗಾಲದ ಥಂಡಿಗೆ ಉಬ್ಬಿ, ಗೌರಿ ಹಬ್ಬದ ವಾರ ಕಳಚಿ ಬಿತ್ತು. ಮಣಿಗಳನ್ನು ನಾನೇ ಆರಿಸಿದೆ. ಟ್ರಂಕು ಮಂಚದ ಕೆಳಗೆ ಹಿಂದಿರುಗಿತು. ಉಳಿದ ಹದಿಮೂರು ಮನೆಗಳ ದಾರದಲ್ಲಿ ಯಾವುದು ಯಾರದೆಂದು ಹೆಂಡತಿ ನೆನಪಿನಿಂದ ಐದನ್ನು ಗುರುತಿಸಿದಳು. ಎಂಟು ಉಳಿದಿವೆ. ನಾದಿನಿಯ ವಿಡಿಯೊ ಈಗಲೂ ಇದೆ; ಶುಕ್ರವಾರದ ಭಾಗವನ್ನು ತೆಗೆದಿದ್ದಾಳೆ. ಕೆಳಗೆ ಯಾರೋ ಈ ಅಂಟು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಾರೆ.

ಸೀರೆಗಳು ಬರುವುದು ನಿಂತಿಲ್ಲ. ಹೋದ ವಾರ ಅದೇ ತಾಯಿ ಎರಡನೆಯ ಮಗಳ ಧಾರೆ ಸೀರೆಯನ್ನು ತಂದುಕೊಟ್ಟರು. ಕಾಫಿ ಕುಡಿದರು. ಮುಹೂರ್ತದ ದಿನವನ್ನು ಬಾಯಲ್ಲಿ ಹೇಳಿದರು. ಹೆಂಡತಿ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು. ಈಗ ಬೀರುವಿನಲ್ಲಿ ಆರು ಸೀರೆಗಳಿವೆ. ಒಂದರ ಜೊತೆಗೂ ಪತ್ರಿಕೆ ಬಂದಿಲ್ಲ.