ಕಂಪ್ಯೂಟರಿಗೆ ಮಲ್ಲಿಗೆಯ ಉಪಚಾರ

ಮೊನ್ನೆ ಹರಪನಹಳ್ಳಿಯಿಂದ ಹಡಗಲಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಹೆಂಗಸಿನ ತೊಡೆಯ ಮೇಲೆ ಮಲ್ಲಿಗೆಯ ಗಂಟಿತ್ತು. ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ ಗಂಟು. ಘಮ ಇಡೀ ಬಸ್ಸನ್ನು ತುಂಬಿತ್ತು. ಬೆಳಗಿನಿಂದ ಎಲ್ಲರ ಮೇಲೂ ಹರಿಹಾಯುತ್ತಿದ್ದ ಕಂಡಕ್ಟರ್ ಕೂಡ ನಮ್ಮ ಸೀಟಿನ ಹತ್ತಿರ ಬಂದಾಗ ಮೆತ್ತಗಾಗಿದ್ದ. ಅಷ್ಟರಲ್ಲಿ ಆ ಗಂಟಿನಿಂದ ಒಂದು ಹನಿ ನನ್ನ ಪಾದದ ಮೇಲೆ ಬಿತ್ತು. ನಾನು ಎರಡೂ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡು ಮುದುಡಿ ಕೂತೆ.

“ನೀರ್ರಿ ಅದು, ಕಚ್ಚಂಗಿಲ್ಲ,” ಅಂದಳು ಆಕೆ. ಹಿಂದಿನ ಸೀಟಿನವರು ನಕ್ಕರು.

ನೀವು ಮಾತ್ರ ನಗಬೇಡಿ. ನಾಲ್ಕು ಬೇಸಿಗೆಯ ಹಿಂದೆ ಇಂಥದೇ ಒಂದು ಒದ್ದೆ ಬಟ್ಟೆ ನಮ್ಮ ದೊಡ್ಡವ್ವನ ಜೀವ ತೆಗೆಯಲು ನೋಡಿತ್ತು. ಬಟ್ಟೆಯದೇನೂ ತಪ್ಪಿಲ್ಲ. ತಪ್ಪು ಯಾರದೆಂದು ಹೇಳಬೇಕಾದರೆ ಕೊಟ್ರೇಶಣ್ಣನ ಕಂಪ್ಯೂಟರಿನಿಂದ ಶುರು ಮಾಡಬೇಕು.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಕೊಟ್ರೇಶಣ್ಣ ಆಕೆಯ ಮಗ. ಹಡಗಲಿಯಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಾನೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಂಪ್ಯೂಟರಿನ ಬಗ್ಗೆ ಅವನಿಗೆ, ಹೊರಗೆ ಕೊಂಡ ರೊಟ್ಟಿಯ ಬಗ್ಗೆ ಅವನ ತಾಯಿಗೆ ಇರುವಷ್ಟೇ ತಾತ್ಸಾರ. ಹೊಸಪೇಟೆಯಿಂದ ಒಂದು ಭಾಗ, ದಾವಣಗೆರೆಯಿಂದ ಇನ್ನೊಂದು, ಕೊರಿಯರಿನಲ್ಲಿ ಮತ್ತೊಂದು ಹೀಗೆ ಕೂಡಿಸಿ, ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತು, ಮೊಬೈಲಿನಲ್ಲಿ ಯಾರೋ ಹಿಂದಿಯಲ್ಲಿ ಹೇಳಿಕೊಟ್ಟಂತೆ ಜೋಡಿಸಿದ. ಅದು ಶುರುವಾದಾಗ ದೊಡ್ಡವ್ವ ಕಾಯಿ ಒಡೆದಳು. ಅದರ ಮುಂದೆಯೇ ಒಡೆಯಬೇಕೆಂದು ಹಟ ಹಿಡಿದಿದ್ದಳಂತೆ. ಕಾಯಿನೀರು ಸಿಡಿದೀತೆಂದು ಕೊಟ್ರೇಶಣ್ಣ ಆಕೆಯನ್ನು ಹೊಸ್ತಿಲಿನ ಆಚೆ ನಿಲ್ಲಿಸಿದ. ಅಷ್ಟು ತಿಳಿವಳಿಕೆ ಅವನಿಗಿತ್ತು ಎಂಬುದನ್ನು ದಾಖಲೆಗೆಂದು ಹೇಳುತ್ತಿದ್ದೇನೆ.

ಮೊದಲ ಮದುವೆಯೇ ಕೈಕೊಟ್ಟಿತು. ವಧೂವರರದಲ್ಲ, ಕಂಪ್ಯೂಟರಿನದು. ಕತ್ತರಿಸಿ ಜೋಡಿಸಿದ ವಿಡಿಯೋ ಒಂದೇ ಫೈಲಾಗಿ ಹೊರಬರಲು ಒಂದಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ಪ್ರೊಸೆಸರ್ ಕಾದು ಕೆಂಡವಾಗಿ, ಸರಿಯಾಗಿ ಅಕ್ಷತೆ ಬೀಳುವ ಜಾಗಕ್ಕೆ ಬಂದಾಗ, ಇಡೀ ಯಂತ್ರ ಬಂದ್ ಆಗುತ್ತಿತ್ತು. ಮತ್ತೆ ಹಚ್ಚಿದರೆ ಮತ್ತೆ ಅಕ್ಷತೆ, ಮತ್ತೆ ಕತ್ತಲೆ. ಈ ಲಗ್ನ ಕೂಡಿ ಬರುವುದಿಲ್ಲ ಎಂದು ದೊಡ್ಡವ್ವ ಗುಟ್ಟಾಗಿ ನನಗೆ ಹೇಳಿದಳು. ಆ ಹೊತ್ತಿಗೆ ಆ ವಿಡಿಯೋದ ಹುಡುಗಿ ಗಂಡನ ಮನೆಯಲ್ಲಿ ಸುಖವಾಗಿದ್ದಳು.

ಬೇಸಿಗೆ ರಜೆಗೆಂದು ನಾನು ಅಲ್ಲಿಗೆ ಹೋಗಿದ್ದೆ. ನಾನು ಕೂಡ್ಲಿಗಿಯಲ್ಲಿ ಹುಡುಗರಿಗೆ ಭೌತಶಾಸ್ತ್ರ ಹೇಳುತ್ತೇನೆ. ಹಾಗಾಗಿ ಮನೆಯವರು ನನ್ನನ್ನು ಡಾಕ್ಟರನ್ನು ಕರೆದಂತೆ ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು. ನಾನು ಗಂಭೀರವಾಗಿ ಪರದೆಯ ಮೂಲೆಯಲ್ಲಿ ಏರುತ್ತಿದ್ದ ಉಷ್ಣಾಂಶ ನೋಡಿದೆ, ತೊಂಬತ್ತು ದಾಟಿದ್ದು ಕಂಡು “ಬಿಸಿ ಆಗೇತಿ” ಎಂದು ತೀರ್ಪು ಕೊಟ್ಟೆ. ಅದು ಅವರಿಗೆ ಮೊದಲೇ ಗೊತ್ತಿತ್ತು.

ಮುಂದಿನ ಚಿಕಿತ್ಸೆಗಳಲ್ಲಿ ನನ್ನದೂ ಪಾಲಿದೆ. ಕಂಪ್ಯೂಟರಿನ ಡಬ್ಬಿಯ ಪಕ್ಕದ ಬಾಗಿಲು ತೆಗೆದೆವು. ಸೈಕಲ್ ಪಂಪಿನಿಂದ ಗಾಳಿ ಊದಿದೆವು. ಧೂಳು ಇರಲಿಲ್ಲ, ಊದಿದ ಮೇಲೆ ಬಂತು. ಕೊನೆಗೆ ದೊಡ್ಡವ್ವನ ಟೇಬಲ್ ಫ್ಯಾನನ್ನು ಕಿತ್ತುಕೊಂಡು ಬಂದು ಅದರ ಮುಖಕ್ಕೆ ಹಿಡಿದೆವು. ಆ ಬಿಸಿಲಿನಲ್ಲಿ ಮನುಷ್ಯರು ಬೆವರುತ್ತ ಕೂತು ಯಂತ್ರಕ್ಕೆ ಗಾಳಿ ಹಾಕಿದ ಮನೆ ಹಡಗಲಿಯಲ್ಲಿ ಅದೊಂದೇ ಇರಬೇಕು. ದೊಡ್ಡವ್ವ ಸೆರಗಿನಿಂದ ಬೀಸಿಕೊಳ್ಳುತ್ತ ಎಲ್ಲವನ್ನೂ ನೋಡುತ್ತಿದ್ದಳು.

ನೋಡಿ ಸುಮ್ಮನಿರುವ ಜೀವವಲ್ಲ ಆಕೆ. ಮದುವೆಯಾಗಿ ಬಂದಂದಿನಿಂದ ಮಲ್ಲಿಗೆ ತೋಟದ ಕೆಲಸ ಮಾಡಿದವಳು. ನಸುಕಿನಲ್ಲಿ ಬಿಡಿಸಿದ ಮೊಗ್ಗು ಬಸ್ಸು ಹತ್ತಿ ದೂರದ ಪೇಟೆ ಮುಟ್ಟುವವರೆಗೆ ಕಣ್ಣು ಬಿಡಬಾರದು. ಅದಕ್ಕೆ ಹತ್ತಿಯ ಹಳೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹದವಾಗಿ ಹಿಂಡಿ, ಸುತ್ತಬೇಕು. ಹೆಚ್ಚು ಹಿಂಡಿದರೆ ಮೊಗ್ಗು ಬಾಡುತ್ತದೆ, ಕಡಿಮೆ ಹಿಂಡಿದರೆ ಕೊಳೆಯುತ್ತದೆ. ಆ ಹದ ಆಕೆಯ ಕೈಗೆ ಬಂದುಬಿಟ್ಟಿತ್ತು. ಮೊಗ್ಗಿಗೆ ಒಗ್ಗಿದ್ದನ್ನು ಆಕೆ ವೀಳ್ಯದೆಲೆಗೆ, ಕೊತ್ತಂಬರಿಗೆ, ನೀರಿನ ಗಡಿಗೆಗೆ, ತಲೆನೋವಿಗೆ ಎಲ್ಲಕ್ಕೂ ಮಾಡಿದಳು, ಎಲ್ಲವೂ ತಣ್ಣಗಾದವು.

ಆ ಮಧ್ಯಾಹ್ನ ಕೊಟ್ರೇಶಣ್ಣ ಮತ್ತೊಮ್ಮೆ ಮದುವೆಯ ವಿಡಿಯೋ ಹಚ್ಚಿಟ್ಟು, ಬಹಳ ಬಿಸಿಯಾದರೆ ಬಂದ್ ಮಾಡಲು ತಾಯಿಗೆ ಹೇಳಿ, ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದ. ನಾನು ಒಳಗಿನ ಕೋಣೆಯಲ್ಲಿ ಮಲಗಿದ್ದೆ. ಬಂದ್ ಮಾಡಿದರೆ ಮಗನ ಕೆಲಸ ಕೆಡುತ್ತದೆ. ಹುಡುಗಿಯ ಕಡೆಯವರು ವಿಡಿಯೋ ಒಯ್ಯಲು ಸಂಜೆಗೆ ಬರುವವರಿದ್ದರು. ದೊಡ್ಡವ್ವ ತನಗೆ ಗೊತ್ತಿದ್ದ ದಾರಿ ಹಿಡಿದಳು.

ನೀರಡಿಕೆಯಾಗಿ ಎದ್ದು ಹೊಸ್ತಿಲಿಗೆ ಬಂದೆ. ಆಗ ಕಂಡದ್ದು ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ. ಕಂಪ್ಯೂಟರಿನ ಡಬ್ಬಿಯ ತಲೆಯ ಮೇಲೆ ಹಳೆಯ ಹತ್ತಿ ಸೀರೆಯ ತುಂಡು, ಒದ್ದೆ. ಮೊಗ್ಗಿಗಿಂತ ಇದಕ್ಕೆ ತಾಪ ಹೆಚ್ಚೆಂದು ಆಕೆ ಹೆಚ್ಚು ಹಿಂಡಿರಲಿಲ್ಲ. ಅಂಚಿನಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಹರಿದು, ವೈರುಗಳೆಲ್ಲ ಕೂಡುವ ಎಕ್ಸ್‌ಟೆನ್ಷನ್ ಬಾಕ್ಸಿನ ಹತ್ತಿರ ಹೋಗುತ್ತಿತ್ತು. ಆ ಬಾಕ್ಸಿನ ಒಂದು ಮೂಲೆ ಯಾವಾಗಲೋ ಒಡೆದಿತ್ತು. ದೊಡ್ಡವ್ವನೂ ಆ ನೀರನ್ನು ನೋಡಿದ್ದಳು. ಸಾಮಾನು ನೆನೆದು ಕೆಡಬಾರದೆಂದು, ಬರಿಗಾಲಿನಲ್ಲಿ ಆ ನೀರಿನ ಮೇಲೇ ನಿಂತು, ಬಗ್ಗಿ, ಒದ್ದೆ ಕೈಯಿಂದ ಆ ಬಾಕ್ಸನ್ನು ಎತ್ತಿಡಲು ಹೊರಟಿದ್ದಳು.

ನನಗೆ ಎಲ್ಲ ಗೊತ್ತಿತ್ತು. ನೀರು, ವಿದ್ಯುತ್ತು, ನೆಲ, ಬರಿಗಾಲು, ಎಲ್ಲದಕ್ಕೂ ಬೋರ್ಡಿನ ಮೇಲೆ ಚಿತ್ರ ಬರೆದು ಬಾಣ ಹಾಕಿ ತೋರಿಸಬಲ್ಲೆ. ಬಾಯಿಂದ ಹೊರಟದ್ದು ಮಾತ್ರ ಬೆಕ್ಕಿನ ಮರಿಯ ದನಿ.

“ದೊಡ್ಡವ್ವಾ...”

ಆಕೆಯ ಕೈ ಅಲ್ಲೇ ನಿಂತಿತು. ತಿರುಗಿ ನೋಡಿದಳು. ನನ್ನ ಮುಖ ಹೇಗಿತ್ತೋ.

“ಯಾಕ ಯವ್ವಾ, ಹಸಿವಾತೇನು?”

ಹೂಂ ಅಂದೆ. ಅದೊಂದೇ ಮಾತು ಸಿಕ್ಕಿತು. ದೊಡ್ಡವ್ವ ಬಾಕ್ಸನ್ನೂ ಮಗನ ವಿಡಿಯೋ ಫೈಲನ್ನೂ ಅಲ್ಲೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನನ್ನು ದಾಟಿ ಅಡುಗೆಮನೆಗೆ ನಡೆದಳು. ನಾನು ನೀರು ತುಳಿಯದಂತೆ ಗೋಡೆ ಹಿಡಿದುಕೊಂಡು ಹೊರಗೆ ಹೋಗಿ ಮೇನ್ ಸ್ವಿಚ್ ಇಳಿಸಿದೆ. ತಿರುಗಿ ಬಂದು ಹೊಸ್ತಿಲಿನಲ್ಲೇ ಕುಸಿದು ಕೂತು ಅತ್ತೆ.

ಕೊಟ್ರೇಶಣ್ಣ ಬಂದಾಗ ನೆಲ ಒರೆಸಿಯಾಗಿತ್ತು. ನಡೆದದ್ದನ್ನು ತಗ್ಗಿದ ದನಿಯಲ್ಲಿ ಅವನಿಗೆ ಹೇಳಿದೆ. ಮಾರನೆಯ ದಿನ ಎಲ್ಲ ವೈರು ಕಿತ್ತು, ಡಬ್ಬಿ ಪೂರ್ತಿ ಒಣಗಿದ ಮೇಲೆ, ಪ್ರೊಸೆಸರಿನ ಮೇಲೆ ಕೂತಿದ್ದ ಫ್ಯಾನನ್ನು ಬಿಚ್ಚಿದ. ಫ್ಯಾನಿನ ಕೆಳಗಿನ ಲೋಹದ ತಟ್ಟೆ ಪ್ರೊಸೆಸರಿಗೆ ಅಂಟಿಕೊಂಡು ಅದರ ಬಿಸಿಯನ್ನು ಹೀರಬೇಕು. ಆ ತಟ್ಟೆಯ ಮೇಲೆ ಕಂಪನಿಯವರು ಹಚ್ಚಿದ ತೆಳ್ಳನೆಯ ಪ್ಲಾಸ್ಟಿಕ್ ಹಾಗೆಯೇ ಇತ್ತು.

“ಇದನ್ನ ಯಾಕ ಕಿತ್ತಿಲ್ಲಣ್ಣ?”

“ಹೊಸಾದಲ್ಲೇನ ತಂಗಿ,” ಅಂದ ಅವನು. “ಗೀರು ಬೀಳಬಾರದಂತ ಬಿಟ್ಟೆ.”

ಬಯ್ಯಲು ಬಾಯಿ ತೆರೆದೆ. ಆ ಪಡಸಾಲೆಯನ್ನೊಮ್ಮೆ ನೋಡಿ ಮುಚ್ಚಿಕೊಂಡೆ. ಟಿವಿಯ ರಿಮೋಟು ಅಂಗಡಿಯಿಂದ ಬಂದ ಕವರಿನಲ್ಲೇ ಇತ್ತು. ಫ್ರಿಜ್ಜಿನ ಬಾಗಿಲಿನ ನೀಲಿ ಹಾಳೆ ಅಂಚಿನಲ್ಲಿ ಸುರುಳಿ ಸುತ್ತಿತ್ತು. ಹೊರಗೆ ನಿಂತ ಬೈಕಿನ ಸೀಟಿನ ಪ್ಲಾಸ್ಟಿಕ್ಕು ಬಿಸಿಲಿಗೆ ಚಿಂದಿಯಾಗಿ ಹಾರಾಡುತ್ತಿತ್ತು. ನಮ್ಮಲ್ಲಿ ಹೊಸ ಸಾಮಾನು ತಾನಾಗಿ ಹಳೆಯದಾಗಬೇಕೇ ಹೊರತು ನಾವು ಅದನ್ನು ಬಿಚ್ಚಿ ಹಳೆಯದು ಮಾಡುವಂತಿಲ್ಲ. ಪ್ಲಾಸ್ಟಿಕ್ ಕಿತ್ತು, ಬಿಸಿಯನ್ನು ದಾಟಿಸುವ ಪೇಸ್ಟ್ ಹಚ್ಚಿ ಕೂರಿಸಿದ ಮೇಲೆ ಉಷ್ಣಾಂಶ ಎಪ್ಪತ್ತು ದಾಟಲಿಲ್ಲ. ಅಕ್ಷತೆ ಸಾಂಗವಾಗಿ ಬಿತ್ತು.

ದೊಡ್ಡವ್ವನಿಗೆ ನಿಜ ಹೇಳಲು ಆವತ್ತು ನಮ್ಮಿಬ್ಬರಿಗೂ ಆಗಲಿಲ್ಲ. ಒದ್ದೆ ಕೈಯಲ್ಲಿ ಕರೆಂಟಿನ ಸಾಮಾನು ಮುಟ್ಟಬೇಡವೆಂದು ಕೊಟ್ರೇಶಣ್ಣ ಕಂಡ ಕಂಡಾಗಲೆಲ್ಲ ಹೇಳಿದ. ಮಗನಿಗೆ ವಯಸ್ಸಾಯಿತು, ಹೇಳಿದ್ದೇ ಹೇಳುತ್ತಾನೆ ಎಂದುಕೊಂಡಳು. ನಾನು ಮಾತ್ರ ಕೂಡ್ಲಿಗಿಯಲ್ಲಿ ಮಲಗಿದಲ್ಲೇ ಆ ಕೈಯನ್ನು ನೋಡುತ್ತಿದ್ದೆ. ಒಮ್ಮೊಮ್ಮೆ ಕನಸಿನಲ್ಲಿ ಆಕೆ ತಿರುಗುತ್ತಲೇ ಇರಲಿಲ್ಲ.

ಮೊನ್ನೆ ಬಸ್ಸಿಳಿದಾಗ ಈ ಸಲ ಹೇಳಿಯೇ ಬಿಡಬೇಕೆಂದು ನಿರ್ಧರಿಸಿದ್ದೆ. ಹೋಗಿ ನೋಡಿದರೆ ಪಕ್ಕದ ಮನೆಗೆ ಬಂದ ಹೊಸ ಸೊಸೆ ಅಡುಗೆಮನೆಯಲ್ಲಿ ಕೂತಿದ್ದಳು. ದೊಡ್ಡವ್ವ ರೊಟ್ಟಿ ತಟ್ಟುತ್ತ ಆಕೆಗೆ ನನ್ನ ಪರಿಚಯ ಮಾಡಿಸಿದಳು.

“ಕಾಲೇಜಿನಾಗ ಪಾಠ ಹೇಳ್ತಾಳ. ಹಸಿವು ಮಾತ್ರ ತಡಿಯಂಗಿಲ್ಲ ನೋಡವ್ವ. ಒಂದಿನ ನಾ ಏನೋ ಕೆಲಸದಾಗ ಮೈಮರೆತಿದ್ದೆ, ಇಕಿ ಹಸಿದು ಹೊಸ್ತಲದಾಗ ಕುಂತು ಅತ್ತುಬಿಟ್ಳು. ಇಷ್ಟು ದೊಡ್ಡಾಕಿ.”

ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ದೊಡ್ಡವ್ವ ಸಾಕ್ಷಿ ಕೇಳುವಂತೆ ನನ್ನ ಕಡೆ ತಿರುಗಿದಳು. ಹೇಳಬೇಕೆಂದು ಕೂಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಹಂಚಿನ ಮೇಲಿನ ರೊಟ್ಟಿ ಉಬ್ಬುತ್ತಿತ್ತು. ಆಕೆಯ ಕೈ ಹಿಟ್ಟಿನಲ್ಲಿ ಬೆಳ್ಳಗೆ ಕಾಣುತ್ತಿತ್ತು.

“ಹೌದು ದೊಡ್ಡವ್ವ,” ಅಂದೆ, “ಭಾಳ ಹಸಿವಾಗಿತ್ತು.”